ಕಾಳು ಬಾಯಿಗೆ ಹಾಕಬಾರದು

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಬೇಳೆ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲೇ ಹಮಾಲಿ ಮಾಡಿ ಮೇಲೆ ಬಂದಿದ್ದ ಹಳೆಯ ಮ್ಯಾನೇಜರು ಒಣಹಾಕಿದ ತೊಗರಿಯನ್ನು ಕಚ್ಚಿ ನೋಡುತ್ತಿದ್ದರು. ಟಕ್ಕೆಂದರೆ ಯಂತ್ರಕ್ಕೆ, ಇಲ್ಲದಿದ್ದರೆ ಮತ್ತೆ ಬಿಸಿಲಿಗೆ.

ಅವರು ನಿವೃತ್ತರಾದ ಮೇಲೆ ಬಂದ ಸಾಹೇಬರು ಭಾರೀ ಓದಿದವರು. ತೊಗರಿಯನ್ನು ಸಾರಿನಲ್ಲಿ ಮಾತ್ರ ಕಂಡವರು. ಬಂದ ವಾರವೇ ಗೋಡೆಗೆ ಫಲಕ ಹಾಕಿಸಿದರು: ‘ಕಾಳು ಬಾಯಿಗೆ ಹಾಕಬಾರದು.’ ಹಸಿ ತೊಗರಿ ಯಂತ್ರಕ್ಕೆ ಹೋಯಿತು, ಸಿಪ್ಪೆ ಬಿಡದೆ ಜಜ್ಜಿಕೊಂಡು ಬಂತು. ಸಾಹೇಬರು ನಮಗೆ ಶಿಸ್ತಿನ ಬಗ್ಗೆ ಒಂದು ತಾಸು ಭಾಷಣ ಬಿಗಿದರು.

ಭಾಷಣ ಮುಗಿದ ಮೇಲೆ ಮುದಿ ಹಮಾಲನೊಬ್ಬ ಉಳಿದ ರಾಶಿಯಿಂದ ಕಾಳು ತೆಗೆದು ಕಚ್ಚಿ, “ಇನ್ನೂ ಹಸಿ ಐತ್ರಿ ಸಾಹೇಬ್ರ, ಎರಡು ದಿನ ಬಿಸಲಾಗ ಹಾಕ್ರಿ” ಎಂದ. ಹಾಗೇ ಮಾಡಿದೆವು, ಚಿನ್ನದಂಥ ಬೇಳೆ ಬಂತು.

ಮರುದಿನವೇ ಸಾಹೇಬರು ಫಲಕ ತಿದ್ದಿಸಿದರು: ‘ಮ್ಯಾನೇಜರರ ಅಪ್ಪಣೆಯಿಲ್ಲದೆ ಕಾಳು ಬಾಯಿಗೆ ಹಾಕಬಾರದು.’