ಸೀರೆ ಉಟ್ಟವರಿಗೆ ಶೂ ಯಾಕೆ?

ಕಳೆದ ವಾರ, ಉರಿಬಿಸಿಲಿನ ಮಧ್ಯಾಹ್ನ, ಬೆಂಗಳೂರಿನ ಒಂದು ಕಾರ್ಖಾನೆಯ ಗೇಟಿನಲ್ಲಿ ಕೂತು ನಾನು ಗಂಡಸರ ಶೂ ಒಳಗೆ ಹಳೇ ನ್ಯೂಸ್‌ಪೇಪರ್ ತುರುಕುತ್ತಿದ್ದೆ. ನನ್ನ ಕಾಲಿನ ಅಳತೆ ಐದು. ಶೂ ಒಂಬತ್ತು. ಉಟ್ಟಿದ್ದು ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಕಾಟನ್ ಸೀರೆ. ಒಳಗೆ ಒಂದು ಗುಂಪು ಇಂಜಿನಿಯರುಗಳು ನನ್ನ ಭಾಷಣಕ್ಕೆ ಕಾಯುತ್ತಿದ್ದರು.

ಬಟ್ಟೆಯ ವಿಷಯದಲ್ಲಿ ಎಲ್ಲರ ಮಾತೂ ಕೇಳಿದರೆ ಇದೇ ಗತಿ.

ನಿಮಗೆ ಗೊತ್ತೇ ಇದೆ, ನಾನು ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಕೆ.ಜಿ.ಎಫ್‌ನ ಕಾರ್ಖಾನೆಗೆ ಹೋಗುವವಳು. ಕೆಲಸ ಬೆಸುಗೆ ಪರೀಕ್ಷೆ. ವೆಲ್ಡಿಂಗ್ ರಾಡು ತೇವ ಹೀರಿಕೊಂಡರೆ, ಮೇಲೆ ನುಣ್ಣಗೆ ಕಾಣುವ ಬೆಸುಗೆ ಒಳಗೊಳಗೇ ಬಿರುಕು ಬಿಡುತ್ತದೆ. ಒಂದು ಮಳೆಗಾಲ ಪೂರ್ತಿ ಇದರ ಬೆನ್ನು ಹತ್ತಿದ್ದೆ. ಅದನ್ನೇ ಮಾತಾಡಲು ಕಾನ್ಫರೆನ್ಸಿಗೆ ಕರೆ ಬಂತು. ನಮ್ಮ ಸೆಕ್ಷನ್ನಿನಿಂದ ಹೀಗೆ ಹೊರಟ ಮೊದಲ ಹೆಂಗಸು ನಾನೇ. ಬೆಳಿಗ್ಗೆ ಹೋಟೆಲಿನಲ್ಲಿ ಸಭೆ. ಮಧ್ಯಾಹ್ನ ಕಾರ್ಖಾನೆಯ ಒಳಗೆ ಬೆಸುಗೆಯ ಮುಂದೆಯೇ ನಿಂತು ನಾನು ತೋರಿಸಿ ಹೇಳಬೇಕು.

ಜೊತೆಗೊಂದು ಸುತ್ತೋಲೆಯೂ ಬಂತು. ಉಡುಪು, ಬಿಸಿನೆಸ್ ಕ್ಯಾಶುಯಲ್. (ಆಫೀಸಿಗೆ ಒಪ್ಪಬೇಕು, ಆದರೆ ಆಫೀಸಿಗೆ ಹೊರಟವರ ಹಾಗೆ ಕಾಣಬಾರದು. ನನಗೆ ಅರ್ಥವಾದದ್ದು ಇಷ್ಟೇ.) ಗಂಡಸರಿಗೆ ಎಲ್ಲ ಬಿಡಿಸಿ ಹೇಳಿದ್ದರು. ಬೇಸಿಗೆಯಾದ್ದರಿಂದ ಕೋಟು ಬೇಡ, ಟೈ ಬೇಡ, ತಿಳಿ ಬಣ್ಣದ ಅರ್ಧ ತೋಳಿನ ಶರ್ಟು ಸಾಕು, ಚರ್ಮದ ಶೂ ಇರಲಿ. ಹೆಂಗಸರಿಗೆ? ಸೂಕ್ತ ಉಡುಪು. ಮುಗಿಯಿತು.

ಸೂಕ್ತ ಅಂದರೆ ಏನು ಸ್ವಾಮಿ? ಯಾರ ಕಣ್ಣಿಗೆ ಸೂಕ್ತ?

ಓಡಾಡಲು ಸುಲಭ ಅಂತ ಚೂಡಿದಾರ್ ಹೊಲಿಸುವ ಯೋಚನೆ ಮಾಡಿದೆ. ನಮ್ಮ ಅತ್ತೆ ಕಾಮಸಮುದ್ರದ ಕಡೆಯವರು. ಹಸು ಕರೆಯುತ್ತಿದ್ದವರು ತಲೆ ಎತ್ತದೆ ಕೇಳಿದರು.

"ಮದ್ವೆ ಆಗಿರೋಳು ಅದ್ನ ಆಕ್ಕೊಂಡು ಓದ್ರೆ, ಜನ ನಿನ್ ಮಾತು ಕೇಳ್ತಾರಾ, ನಿನ್ ಬಟ್ಟೆ ನೋಡ್ತಾರಾ?"

ಯಜಮಾನರ ಕಡೆ ನೋಡಿದೆ. ಅವರು ಪೇಪರ್ ಓದುತ್ತಿದ್ದರು. (ಇಂಥ ಹೊತ್ತಿನಲ್ಲಿ ಅವರು ಟೆಂಡರ್ ನೋಟಿಸನ್ನೂ ಬಿಡುವುದಿಲ್ಲ.) ಸರಿ, ಸೀರೆಯೇ ಗಟ್ಟಿ ಅಂದುಕೊಂಡೆ.

ಕಾಲಿಗೆ ಏನು ಅನ್ನುವ ಚಿಂತೆ ನನಗಿರಲಿಲ್ಲ. ಕಾರ್ಖಾನೆಯಲ್ಲಿ ನಾವು ಹೆಂಗಸರು ಸೀರೆಯ ಮೇಲೆ ನೀಲಿ ಕೋಟು ತೊಟ್ಟು, ಕಂಪನಿ ಕೊಟ್ಟ ಕಪ್ಪು ಸೇಫ್ಟಿ ಶೂ ಹಾಕುತ್ತೇವೆ. ಇಷ್ಟು ವರ್ಷದಲ್ಲಿ ಅದನ್ನು ನೋಡಿ ಯಾರೂ ನಕ್ಕಿಲ್ಲ. ಅದಕ್ಕೇ ಪಾಲಿಶ್ ಹಚ್ಚಿಟ್ಟೆ. ನಮ್ಮ ಆಫೀಸರು ಹುಬ್ಬಳ್ಳಿಯವರು, ಒಳ್ಳೆಯ ಮನುಷ್ಯ. ವಿಷಯ ಕೇಳಿದ್ದೇ ಗಾಬರಿಯಾದರು.

"ಸೀರಿ ಮ್ಯಾಲೆ ಬೂಟು ಏನ್ ಛಲೋ ಕಾಣತೈತ್ರಿ? ಕಂಪನಿ ಮರ್ಯಾದಿ ಪ್ರಶ್ನೆ ಐತಿ."

ಕಾರ್ಖಾನೆ ಒಳಗೆ ಹೋಗಬೇಕಲ್ಲ ಸರ್ ಅಂದೆ. ಅತಿಥಿಗಳನ್ನು ಯಾರು ತಡೆಯುತ್ತಾರೆ ಅಂದರು.

ಬೇರೆ ಶೂ ಹುಡುಕಿಕೊಂಡು ಬಂಗಾರಪೇಟೆಯ ಅಂಗಡಿಗೆ ಹೋದೆ. ಅವನು ಸ್ಕೂಲು ಹುಡುಗಿಯರ ಬಕಲ್ ಶೂ ತೋರಿಸಿದ. ರಾಬರ್ಟ್‌ಸನ್‌ಪೇಟೆಯ ಅಂಗಡಿಯವನು ತಮಿಳು ಕನ್ನಡ ಬೆರೆಸಿ, ನರ್ಸಮ್ಮನಾ ನೀವು ಅಂತ ವಿಚಾರಿಸಿ, ಬಿಳಿ ಕ್ಯಾನ್ವಾಸ್ ಶೂ ತೆಗೆದಿಟ್ಟ. ನರ್ಸ್ ಅಲ್ಲ ಅಂದದ್ದಕ್ಕೆ, ಸೀರೆ ಉಟ್ಟವರಿಗೆ ಶೂ ಯಾಕೆ ಅಂತ ನನಗೇ ಬುದ್ಧಿ ಹೇಳಿದ. ಇವರ ಲೆಕ್ಕದಲ್ಲಿ ಹೆಣ್ಣಿನ ಕಾಲು ಶೂ ಕಾಣುವುದು ಒಂದೋ ಸ್ಕೂಲಿನಲ್ಲಿ, ಇಲ್ಲವೇ ಆಸ್ಪತ್ರೆಯಲ್ಲಿ. ಬೇಸತ್ತು ಕಂದು ಬಣ್ಣದ ಸ್ಯಾಂಡಲ್ ಕೊಂಡೆ. ಆಫೀಸರು ನೋಡಿ, ಈಗ ಸರಿಹೋಯಿತು ಅಂದರು.

ಬೆಳಗಿನ ಸಭೆ ಸುಸೂತ್ರ ಮುಗಿಯಿತು. ಮಧ್ಯಾಹ್ನ ಗೇಟಿನಲ್ಲಿ ಸೆಕ್ಯುರಿಟಿಯವರು ನನ್ನನ್ನು ಮಾತ್ರ ನಿಲ್ಲಿಸಿದರು. ಬೆರಳು ಕಾಣುವ ಚಪ್ಪಲಿಗೆ ಒಳಗೆ ಪ್ರವೇಶವಿಲ್ಲ. ಅವರ ಮೇಲೆ ರೇಗುವುದು ಹೇಗೆ? ನಮ್ಮ ಸೆಕ್ಷನ್ನಿಗೆ ಯಾರಾದರೂ ಹಾಗೆ ಬಂದಿದ್ದರೆ ಮೊದಲು ಕೂಗಾಡುವವಳು ನಾನೇ.

ಆಗ ಜೊತೆಗೆ ಬಂದಿದ್ದ ನಮ್ಮ ಆಫೀಸರು ಕೈ ಚಾಚಿದರು.

"ಭಾಷಣದ ಪೇಪರ್ ಇಲ್ಲೆ ಕೊಡ್ರಿ, ನಾನ ಓದತೀನಿ. ನೀವು ನೆರಳಾಗ ಆರಾಮ ಕುಂದರ್ರಿ."

ಎಷ್ಟು ಪ್ರೀತಿಯಿಂದ ಹೇಳಿದರು ಗೊತ್ತಾ? ಅದಕ್ಕೇ ಮೈ ಇನ್ನಷ್ಟು ಉರಿಯಿತು. ಶೂ ಬೇಡ ಅಂದಿದ್ದು ಅವರೇ. ಈಗ ಕಾಲಲ್ಲಿ ಶೂ ಇಲ್ಲ ಅಂತ ನನ್ನ ಮಳೆಗಾಲವನ್ನೇ ಓದಿ ಮುಗಿಸುವವರೂ ಅವರೇ. ಕಾಗದವನ್ನು ಬಿಗಿಯಾಗಿ ಹಿಡಿದುಕೊಂಡು, ಸೆಕ್ಯುರಿಟಿಯವರನ್ನು ಶೂ ಇದೆಯಾ ಅಂತ ಕೇಳಿದೆ. ಬಂದುಹೋಗುವವರಿಗೆ ಅಂತ ಇಟ್ಟಿದ್ದ ಒಂದೇ ಜೊತೆ ಇತ್ತು, ಒಂಬತ್ತನೇ ನಂಬರಿನದು. ಅಸಹ್ಯ ಕಾಣುತ್ತದೆ, ಬೇಡ ಅಂತ ಆಫೀಸರು ಹೇಳುತ್ತಲೇ ಇದ್ದರು. ನಾನು ಹಳೇ ನ್ಯೂಸ್‌ಪೇಪರ್ ತುರುಕಿ, ಲೇಸು ಬಿಗಿದು, ಕೆಸರಿನಲ್ಲಿ ನಡೆಯುವವರ ಹಾಗೆ ಕಾಲು ಎತ್ತೆತ್ತಿ ಇಡುತ್ತ ಒಳಗೆ ಹೋದೆ.

ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ. ಒಬ್ಬರು ಕರ್ಚೀಫಿನಲ್ಲಿ ನಗು ಒರೆಸಿಕೊಂಡರು. ಬೆಸುಗೆಯ ಮೇಲೆ ಟಾರ್ಚ್ ಬಿಟ್ಟು ಮಾತು ಶುರು ಮಾಡಿದೆ. ಸ್ವಲ್ಪ ಹೊತ್ತಿಗೆ ಜನ ಹತ್ತಿರ ಹತ್ತಿರ ಬಂದರು. ರಾಡನ್ನು ಎಷ್ಟು ಕಾಯಿಸಬೇಕು, ಕಾಯಿಸಿದ ಮೇಲೆ ಎಲ್ಲಿಡಬೇಕು ಅಂತ ಹಿರಿಯರೊಬ್ಬರು ಬಿಡದೆ ಕೇಳಿದರು, ಬರೆದುಕೊಂಡರು. ಮುಗಿದಾಗ ಚಪ್ಪಾಳೆ ಬಿತ್ತು. ನನಗಂತೂ ಕಾಲು ಇದೆ ಅನ್ನುವುದೇ ಮರೆತುಹೋಗಿತ್ತು. ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ?

ಸೋಮವಾರ ಆಫೀಸರು ನನ್ನನ್ನು ಕರೆದುಕೊಂಡು ಹೋಗಿ ಮ್ಯಾನೇಜರ್ ಮುಂದೆ ಬಾಯ್ತುಂಬ ಹೊಗಳಿದರು. ಕೊನೆಗೆ, ನನ್ನ ಮೇಲಿನ ಕಾಳಜಿಯಿಂದಲೇ, ಒಂದು ಸಲಹೆ ಕೊಟ್ಟರು.

"ಮುಂದಿನ ವರ್ಷ ಪ್ರಕಾಶನ್ನ ಕಳಸೂಣ್ರಿ ಸರ್. ಗಂಡಸರಾದ್ರ ಈ ಶೂದ ತಾಪತ್ರಯ ಇರಂಗಿಲ್ಲ."

ಮ್ಯಾನೇಜರ್ ಹೌದು ಹೌದು ಅಂತ ತಲೆಯಾಡಿಸಿದರು. (ಪ್ರಕಾಶ ನಮ್ಮಲ್ಲಿ ಮೊನ್ನೆ ಮೊನ್ನೆ ಸೇರಿದ ಟ್ರೈನಿ. ಬಿರುಕು ಯಾವುದು, ಗೀರು ಯಾವುದು ಅಂತ ಇನ್ನೂ ನನ್ನನ್ನೇ ಕೇಳುತ್ತಾನೆ.)

ತಾಪತ್ರಯ ಇದ್ದದ್ದು ನನ್ನ ಕಾಲಿನಲ್ಲೋ, ಅವರ ತಲೆಯಲ್ಲೋ?