ಇಲ್ಲ ಬೇರೆ, ಸಿಕ್ಲಿಲ್ಲ ಬೇರೆ

ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಐವರ್ನಾಡಿನ ನಮ್ಮ ಹಟ್ಟಿಯಲ್ಲಿ ದನಕ್ಕೆ ಕೆಚ್ಚಲು ಬಾವು ಬಂದಿತ್ತು. ದನದ ಡಾಕ್ಟ್ರು ಕೊಟ್ಟ ಆ್ಯಂಟಿಬಯೋಟಿಕ್ ಟ್ಯೂಬನ್ನು ಅವ್ವ ಹೊತ್ತುಹೊತ್ತಿಗೆ, ಹಾಲು ಪೂರ್ತಿ ಕರೆದು, ಮೊಲೆಗೆ ಹಾಕಿದ್ದಳು. ಬಾವು ಇಳಿಯಲಿಲ್ಲ. "ನೀವು ಸರಿ ಹಾಕ್ಲಿಲ್ಲ" ಎಂದರು ಡಾಕ್ಟ್ರು. ಕೆಚ್ಚಲು ಹೋದರೆ ದನ ಹೋದ ಹಾಗೆಯೇ. ಅದಕ್ಕಿಂತ ಅವ್ವನಿಗೆ ನಾಟಿದ್ದು ಆ ಮಾತು. ಅವತ್ತು ಅವಳು ಊಟ ಮಾಡಲಿಲ್ಲ.

ನಾನು ಪುತ್ತೂರಿನ ಒಂದು ಲ್ಯಾಬಿನಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಓದಿಸಿ, ಮದ್ದಿಗೆ ಬಗ್ಗದ ಜೀನ್ ಅದರಲ್ಲಿ ಉಂಟಾ ಎಂದು ಸಾಫ್ಟ್‌ವೇರಿನಲ್ಲಿ ಹುಡುಕುವವಳು. ನಮ್ಮ ದನದ ಹಾಲನ್ನೇ ತಂದೆ. ತಟ್ಟೆಯಲ್ಲಿ ಬೆಳೆಸಿದರೆ ಬ್ಯಾಕ್ಟೀರಿಯಾ ಅಲ್ಲಿ ಇಟ್ಟ ಅದೇ ಮದ್ದಿನ ಬಿಲ್ಲೆಗೆ ಅಂಟಿಕೊಂಡೇ ಬೆಳೆಯಿತು. ಮದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸಾಫ್ಟ್‌ವೇರ್ ಮಾತ್ರ ಜೀನ್ ಇಲ್ಲ ಎಂದಿತು.

"ತಟ್ಟೆಯಲ್ಲಿ ಎಂತದೋ ಎಡವಟ್ಟಾಗಿದೆ. ಅದೇ ಮದ್ದು ಮುಂದುವರಿಯಲಿ. ನಿನ್ನ ಅಮ್ಮನೇ ಟ್ಯೂಬ್ ತಪ್ಪಿಸಿರ್ಬೇಕು" ಎಂದರು ಲ್ಯಾಬಿನ ಮುಖ್ಯಸ್ಥರಾದ ನಮ್ಮ ಸರ್.

"ಇಲ್ಲ ಅಲ್ಲ ಸರ್, ಸಿಕ್ಲಿಲ್ಲ" ಎಂದೆ. ಪೇಟೆಯ ಅಂಗಡಿಯಲ್ಲಿ "ಉಂಟಾ?" ಎಂದು ಕೇಳಿದರೆ ಕೂತಲ್ಲಿಂದ ಏಳದೆ "ಇಲ್ಲ" ಎನ್ನುವವರಿದ್ದಾರಲ್ಲ, ಅವ್ವ ಯಾವಾಗಲೂ ಬೈಯುವ ಅದೇ ಜಾತಿ ಈ ಸಾಫ್ಟ್‌ವೇರ್. "ರಿಪೋರ್ಟಿನಲ್ಲಿ ಇಲ್ಲ ಅಂತ ನಾನು ಬರೆಯುದಿಲ್ಲ. ಬೇಕಾದರೆ ನೀವೇ ಬರೆದು ಸಹಿ ಹಾಕಿ." ಅವರ ಮುಖ ಕೆಂಪಾಯಿತು. ಆಗಲಿ.

ಡಿಎನ್‌ಎ ನಮಗೆ ಇಡಿಯಾಗಿ ಸಿಗುದಿಲ್ಲ, ತುಂಡುತುಂಡಾಗಿ ಬರುತ್ತದೆ. ಈ ಸಾಫ್ಟ್‌ವೇರಿಗೋ, ಜೀನಿನ ಹೆಚ್ಚಿನ ಪಾಲು ಒಂದೇ ತುಂಡಿನಲ್ಲಿ ಇರಬೇಕು. ಕಡಿಮೆಯಾದರೆ ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ನಾನು ಆ ಮಿತಿಯನ್ನು ಇಳಿಸಿ ನೋಡಿದೆ. ಇನ್ನೊಂದು ಸಾಫ್ಟ್‌ವೇರಿನಲ್ಲೂ ನೋಡಿದೆ. ಒಂದು ತುಂಡಿನ ಕೊನೆಯಲ್ಲಿ ಅರ್ಧ ಜೀನ್, ಮತ್ತೊಂದರ ಸುರುವಿನಲ್ಲಿ ಉಳಿದರ್ಧ. "ಎರಡೂ ಸೇರಿ ಒಂದೇ ಅಂತ ಗ್ಯಾರಂಟಿ ಎಂತ?" ಎಂದರು ಸರ್. ಪ್ರಶ್ನೆ ನ್ಯಾಯದ್ದೇ. ಎರಡೂ ಸೇರುವ ಆ ಭಾಗವನ್ನು ಪಿಸಿಆರ್‌ನಲ್ಲಿ ಒಂದೇ ತುಂಡಾಗಿ ನಕಲು ಮಾಡಿ, ಓದಿಸಿ ತೋರಿಸಿದೆ. ಜೀನ್ ಇಡಿಯಾಗಿಯೇ ಇತ್ತು.

ರಿಪೋರ್ಟು ನೋಡಿ ಡಾಕ್ಟ್ರು ಮದ್ದು ಬದಲಿಸಿದರು. ಒಂದು ಮೊಲೆ ಬತ್ತಿಹೋಯಿತು, ದನ ಉಳಿಯಿತು. ಆದರೆ ಅವ್ವನ ಮೇಲೆ ಹೊರಿಸಿದ ಮಾತು ಹಾಗೇ ಇತ್ತಲ್ಲ, ಅದನ್ನು ನಾನು ಬಿಡುವವಳಾ? ಅವ್ವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಸರ್ ಎದುರು ಮೇಜಿನ ಮೇಲೆ ಇಟ್ಟೆ. "ನೀವೇ ಹೇಳಿ ಸರ್."

ಸರ್ ಫೋನಿನ ಕಡೆಗೆ ಬಗ್ಗಿದರು. ನೀವು ಮದ್ದು ಸರಿಯಾಗಿಯೇ ಹಾಕಿದ್ದೀರಿ, ಸರಿಯಾಗಿ ಹುಡುಕದೆ ಜೀನ್ ಇಲ್ಲ ಅಂದು ತಪ್ಪಿದ್ದು ನಾವು ಎಂದರು.

"ಆಯ್ತು ಮಾರಾಯ್ರೆ" ಎಂದಳು ಅವ್ವ. "ಇನ್ನು ಇಲ್ಲ ಅನ್ನುವ ಮೊದಲು ಒಮ್ಮೆ ಎದ್ದು ಹುಡುಕಿ."