ಹೊಸಿಲು ತೆಗೆಸಿದ ಮೇಲೆ

ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಅಮ್ಮನ ಕಾಲಿನಲ್ಲಿ ಬಲ ಉಳಿಯಲಿಲ್ಲ. ಅವಳು ಚೇತರಿಕೆಗೆಂದು ರಿಹ್ಯಾಬ್‌ನಲ್ಲಿದ್ದಾಗಲೇ ನಾನೂ ನನ್ನ ಗಂಡನೂ ಲೈಲ್‌ನ ನಮ್ಮ ಮನೆಯನ್ನು ವೀಲ್‌ಚೇರ್‌ಗೆ ತಕ್ಕಂತೆ ಮಾಡಿಸಲು ಹೊರಟೆವು.

ನಮ್ಮ ಟ್ಯಾಕ್ಸ್ ನೋಡಿಕೊಳ್ಳುವ ಓಕ್ ಬ್ರೂಕ್‌ನ ಅಂಕಲ್‌ಗೆ ಫೋನ್ ಮಾಡಿದೆ. "ಡಾಕ್ಟರ್ ಹತ್ರ ಒಂದು ಲೆಟರ್ ತಗೋಮ್ಮ. ರ‍್ಯಾಂಪು, ಅಗಲದ ಬಾಗಿಲು, ಹಿಡ್ಕೊಳೋ ಕಂಬಿ ಎಲ್ಲಾ ಮೆಡಿಕಲ್ ಖರ್ಚು ಅಂತ ಟ್ಯಾಕ್ಸಲ್ಲಿ ಕಳೀಬೋದು. ಮನೆ ವ್ಯಾಲ್ಯೂ ಜಾಸ್ತಿ ಮಾಡೋ ಕೆಲ್ಸ ಆದ್ರೆ ಮಾತ್ರ ತಕರಾರು," ಎಂದರು. ಮುಂಬಾಗಿಲ ಹೊಸಿಲನ್ನು ತೆಗೆಸಿ ನೆಲವನ್ನು ಸಮ ಮಾಡಿಸುವುದಕ್ಕೆ ಯಾವ ತಕರಾರೂ ಇರಲಿಲ್ಲ. ಹೊಸಿಲು ಹೋದರೆ ಮನೆಯ ಬೆಲೆ ಏರುವುದಿಲ್ಲ ಎಂಬುದು ಸರ್ಕಾರದ ಲೆಕ್ಕ.

ಅಮ್ಮನ ಲೆಕ್ಕ ಬೇರೆ. ಮೈಸೂರಿನಿಂದ ಈ ದೇಶಕ್ಕೆ ಬಂದಂದಿನಿಂದ ಅವಳು ಪ್ರತಿ ಶುಕ್ರವಾರ ಮುಂಬಾಗಿಲಡಿಯ ಅಲ್ಯೂಮಿನಿಯಂ ಪಟ್ಟಿಯನ್ನೇ ಹೊಸಿಲೆಂದುಕೊಂಡು, ಒರೆಸಿ, ಅರಿಸಿನ ಕುಂಕುಮ ಹಚ್ಚಿ ಹೂವಿಡುತ್ತಿದ್ದಳು. ಎಂಜಿನಿಯರ್ ಆದ ನನ್ನ ಕಣ್ಣಿಗೆ ಕಂಡದ್ದು ಚಕ್ರಕ್ಕೆ ಅಡ್ಡಿ ಮಾತ್ರ.

ಅಮ್ಮ ರಿಹ್ಯಾಬ್ ಮುಗಿಸಿ ಮನೆಗೆ ಬಂದ ದಿನ ರ‍್ಯಾಂಪ್ ಹತ್ತಿ ಸಲೀಸಾಗಿ ಒಳಗೆ ಬಂದವಳು ತಿರುಗಿ ಬಾಗಿಲು ನೋಡಿದಳು. "ಹೊಸಿಲೆಲ್ಲೇ?"

"ತೆಗೆಸಿದ್ವಮ್ಮ, ನಿನಗೋಸ್ಕರಾನೇ."

"ಹೊಸಿಲಿಲ್ದೇ ಇರೋದಕ್ಕೆ ಇದೇನು ಆಸ್ಪತ್ರೆನಾ? ಸೌತ್‌ಫೀಲ್ಡ್‌ಗೆ ಬಿಡು. ನಿಮ್ಮಣ್ಣನ ಮನೇಲಿರ್ತೀನಿ."

ಅಣ್ಣನ ಮನೆಯಲ್ಲಿ ಮಲಗುವ ಕೋಣೆ, ಬಚ್ಚಲು ಎಲ್ಲ ಮಹಡಿಯ ಮೇಲೆ. ಅಲ್ಲಿಗೆ ಹೋದರೆ ಅವಳು ಮಹಡಿ ಬಿಟ್ಟು ಕೆಳಗಿಳಿಯುವಂತಿರಲಿಲ್ಲ. ಹೇಳಿದರೆ ಕೇಳಬೇಕಲ್ಲ! ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು.

ಕೊನೆಗೆ ನನ್ನ ಗಂಡ ಒಂದು ಮರದ ಪಟ್ಟಿ ತಂದು ಬಾಗಿಲಿಗೆ ಅಡ್ಡಲಾಗಿ ಸ್ಕ್ರೂ ಹೊಡೆದ. ಫೋನಿನಲ್ಲಿ ಹೇಳಿದಾಗ ಅಂಕಲ್ ನಕ್ಕು, "ಇದನ್ನ ಮಾತ್ರ ಮೆಡಿಕಲ್ ಅನ್ನಕ್ಕಾಗಲ್ಲಮ್ಮ," ಎಂದರು.

ಆ ವಾರವೆಲ್ಲ ವೀಲ್‌ಚೇರ್ ಆ ಪಟ್ಟಿಗೆ ಬಡಿದು ನಿಲ್ಲುತ್ತಿತ್ತು. ನಾವು ಆಫೀಸಿನಿಂದ ಬರುವ ತನಕ ಅಮ್ಮ ಒಳಗೇ. ಶುಕ್ರವಾರ ಅರಿಸಿನದ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಮುಂದೆ ಕೂತಳು. ಕೈ ನೆಲಕ್ಕೆ ಎಟುಕಲಿಲ್ಲ. ನಾನು ಹಚ್ಚುತ್ತೇನೆಂದರೆ ಬೇಡವೆಂದಳು.

"ಬಗ್ಗಕ್ಕೂ ಆಗಲ್ಲ, ದಾಟಕ್ಕೂ ಆಗಲ್ಲ. ಯಾವ ಸುಖಕ್ಕೆ ಇದು? ಕಿತ್ತಾಕು," ಎಂದು ಒಳಗೆ ಹೋದಳು. ಪಟ್ಟಿ ಕಿತ್ತೆವು. ಇನ್ನು ಸೌತ್‌ಫೀಲ್ಡ್ ಖಂಡಿತ ಎಂದುಕೊಂಡು ಅಣ್ಣನಿಗೆ ಫೋನೂ ಮಾಡಿದೆ.

ಮುಂದಿನ ಶುಕ್ರವಾರ ನಾನು ಆಫೀಸಿನಿಂದ ಬಂದು ಕಾರನ್ನು ಹಿಂಬದಿಯ ಗರಾಜಿಗೆ ಹಾಕಿ, ಸುತ್ತಿ ಮುಂದೆ ಬಂದು, ಶೂ ಬಿಚ್ಚಲೆಂದು ಮುಂಬಾಗಿಲ ಹೊರಪಕ್ಕದಲ್ಲಿ ಅಮ್ಮನಿಗೆಂದು ಹಾಕಿಸಿದ್ದ ಸ್ಟೀಲ್ ಕಂಬಿ ಹಿಡಿದೆ. ಅಂಗೈಯೆಲ್ಲ ಹಳದಿಯಾಯಿತು. ಕೂತಲ್ಲಿಂದಲೇ ಕೈಗೆಟುಕುವ ಆ ಕಂಬಿಯ ಉದ್ದಕ್ಕೂ ಅರಿಸಿನ, ನಡುವೆ ಕುಂಕುಮದ ಬೊಟ್ಟುಗಳು, ಒಂದು ತುದಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಸಿಗಿಸಿದ ಸೇವಂತಿಗೆ.

ಅಮ್ಮ ಮನೆಯೊಳಗಿರಲಿಲ್ಲ. ರ‍್ಯಾಂಪ್ ಇಳಿದು ರಸ್ತೆಯಂಚಿನ ಮೇಲ್‌ಬಾಕ್ಸ್ ತನಕ ಒಬ್ಬಳೇ ಹೋಗಿದ್ದಳು. ಅಲ್ಲಿಂದಲೇ ನನ್ನನ್ನು ನೋಡಿ ಗದರಿದಳು.

"ಅಳಿಸಿಬಿಟ್ಯಾ? ಈಗ ತಾನೆ ಹಚ್ಚಿದ್ದೆ! ನನ್ನ ಬಾಗಿಲು ಮುಟ್ಟೋವಾಗ ನೋಡ್ಕೊಂಡು ಮುಟ್ಟಬಾರ್ದಾ?"

ನನ್ನ ಬಾಗಿಲು ಎಂದಳು. ಅಮ್ಮ ಬರುವುದಿಲ್ಲ ಎಂದು ಹೇಳಲು ಕೈ ತೊಳೆಯದೆ ಅಣ್ಣನಿಗೆ ಮತ್ತೆ ಫೋನ್ ಮಾಡಿದೆ.